ಎಣ್ಣೆ ಹಚ್ಚಿಸಿಕೊಂಡ ಏಳನೇ ಕೋಲು

ನಾನು ಒಂದು ಗಾಲ್ಫ್ ಕೋಲು. ಕಬ್ಬಿಣದ ತಲೆ, ಉಕ್ಕಿನ ಮೈ, ರಬ್ಬರಿನ ಹಿಡಿ. ಚೀಲದಲ್ಲಿರುವ ಅಣ್ಣತಮ್ಮಂದಿರ ಪೈಕಿ ನನ್ನ ನಂಬರು ಏಳು. ಅದಕ್ಕೇ ಸೆವೆನ್ ಐರನ್ ಅನ್ನುತ್ತಾರೆ. ಚೆಂಡನ್ನು ತೀರಾ ದೂರಕ್ಕೂ ಅಲ್ಲ, ತೀರಾ ಹತ್ತಿರಕ್ಕೂ ಅಲ್ಲ, ನಡುವಿನ ದೂರಕ್ಕೆ ಎತ್ತಿ ಕಳಿಸುವುದು ನನ್ನ ಕೆಲಸ. ಅದನ್ನು ಸರಿಯಾಗಿ ಮಾಡುತ್ತೇನೆಯೇ ಎಂಬ ಅನುಮಾನ ಹುಟ್ಟಿದಾಗಿನಿಂದಲೂ ನನ್ನ ಜೊತೆಗಿದೆ.

ಹುಟ್ಟಿದ್ದು ಕುಲುಮೆಯಲ್ಲಿ. ಕೆಂಪಗೆ ಕಾದಿದ್ದ ನನ್ನನ್ನು ಅಚ್ಚಿಗಿಟ್ಟು ಬಡಿದರು, ಉಜ್ಜಿದರು, ಮುಖದ ಮೇಲೆ ಗೆರೆಗಳನ್ನು ಕೊರೆದರು. ಕೊನೆಗೆ ಕನ್ನಡಕದ ಒಬ್ಬರು ನನ್ನನ್ನು ಎತ್ತಿ ಹಿಡಿದು, ಒಂದು ಕಣ್ಣು ಮುಚ್ಚಿ ಬಹಳ ಹೊತ್ತು ನೋಡಿದರು. ಏನೂ ಹೇಳದೆ ಕೆಳಗಿಟ್ಟರು. ಅವರಿಗೆ ನನ್ನಲ್ಲಿ ಏನಾದರೂ ಕುಂದು ಕಂಡಿತ್ತೇ? ಇವತ್ತಿಗೂ ಯೋಚಿಸುತ್ತೇನೆ.

ಮೊದಲ ಯಜಮಾನರು ಒಂದು ಚಹಾ ಕಂಪನಿಯ ಮ್ಯಾನೇಜರು. ಸಿಟ್ಟಿನ ಮನುಷ್ಯ. ಚೆಂಡು ಬಲಕ್ಕೆ ಹೊರಳಿ ಪೊದೆ ಸೇರಿದರೆ "ಕೋಲೇ ಸರಿಯಿಲ್ಲ" ಎಂದು ನನ್ನನ್ನು ನೆಲಕ್ಕೆ ಕುಕ್ಕುತ್ತಿದ್ದರು. ಒಂದು ಸಲ ಎಸೆದೇ ಬಿಟ್ಟರು. ಜಾಲಿ ಮರದ ಕೊಂಬೆಗೆ ಸಿಕ್ಕಿಕೊಂಡು ಸಂಜೆಯವರೆಗೆ ನೇತಾಡಿದೆ. ಅವರ ಮಾತನ್ನು ನಾನು ನಂಬಿದ್ದೆ. ತಪ್ಪು ನನ್ನದೇ ಇರಬೇಕು ಅಂದುಕೊಂಡಿದ್ದೆ. ಅವರಿಗೆ ವರ್ಗವಾದಾಗ, ತಮ್ಮ ನಾಯಿಯನ್ನು ಬದುಕಿಸಿಕೊಟ್ಟ ಡಾಕ್ಟರಿಗೆ ಚೀಲ ಸಮೇತ ನಮ್ಮನ್ನೆಲ್ಲ ಕೊಟ್ಟು ಹೋದರು.

ಹಾಗೆ ನಾನು ಮೈಸೂರಿನ ದನದ ಡಾಕ್ಟರು ಗುರುಮಲ್ಲಪ್ಪನವರ ಮನೆ ಸೇರಿದೆ. ಅವರ ಕೈ ಬೆಚ್ಚಗಿತ್ತು. ಕರು ಹಾಕುವ ಹಸುವಿನ ಹತ್ತಿರ ಹೋದ ಹಾಗೆಯೇ ಚೆಂಡಿನ ಹತ್ತಿರವೂ ಸಾವಕಾಶವಾಗಿ ಹೋಗುತ್ತಿದ್ದರು. ಭಾನುವಾರ ಬೆಳಿಗ್ಗೆ ಊರಂಚಿನ ಗಾಲ್ಫ್ ಮೈದಾನಕ್ಕೆ ಹೊರಡುವಾಗ ಪ್ರತಿ ಸಲ ಹೆಂಡತಿಯನ್ನು ಕರೆಯುತ್ತಿದ್ದರು.

"ಮಂಗಳಾ, ಬಾರೆ, ಜೊತೆಗೆ ನಡೆದುಕೊಂಡಾದರೂ ಬಾ."

"ಪೇಪರ್ ತಿದ್ದೋದಿದೆ ರೀ. ರಿಟೈರ್ ಆದಮೇಲೆ ಬರ್ತೀನಿ."

ಸರ್ವಮಂಗಳಾ ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುತ್ತಿದ್ದರು. ಅವರು ನಿವೃತ್ತರಾಗುವ ಹೊತ್ತಿಗೆ ಗುರುಮಲ್ಲಪ್ಪನವರ ಕಣ್ಣಿನ ನರಗಳು ಸೊರಗತೊಡಗಿದ್ದವು. ಕಣ್ಣಿನ ಡಾಕ್ಟರು ಮುಚ್ಚುಮರೆ ಇಲ್ಲದೆ ಹೇಳಿದ್ದರು: ಮುಂದಿನ ವರ್ಷದ ದಸರೆಯ ಹೊತ್ತಿಗೆ ಬೆಳಕು, ಕತ್ತಲೆ ಇಷ್ಟೇ ಗೊತ್ತಾಗಬಹುದು.

ಆ ದಿನ ಮನೆಗೆ ಬಂದ ಸರ್ವಮಂಗಳಾ ಸೀರೆಯನ್ನೂ ಬದಲಾಯಿಸದೆ ಚೀಲದಿಂದ ನನ್ನನ್ನು ಎಳೆದು ತೆಗೆದರು. "ಇದನ್ನ ಹೇಗೆ ಹಿಡಿಯೋದು, ತೋರಿಸಿ" ಅಂದರು.

ಆದರೆ ಮೈದಾನದಲ್ಲಿ ಒಂದು ನಿಯಮವಿತ್ತು. ಸದಸ್ಯರ ಮನೆಯವರು ಅಭ್ಯಾಸದ ಜಾಗದಲ್ಲಿ ಎಷ್ಟು ಬೇಕಾದರೂ ಹೊಡೆಯಬಹುದು. ಒಳಗೆ ಹೋಗಿ ಆಡಬೇಕಾದರೆ ಪರೀಕ್ಷೆ ಪಾಸಾಗಬೇಕು. ಮುಂದಿರುವ ಕೊಳದ ಮೇಲಿಂದ ಮೂರು ಚೆಂಡು ಹೊಡೆಯಬೇಕು, ಎರಡಾದರೂ ಆಚೆ ದಡ ಸೇರಬೇಕು. ಪರೀಕ್ಷೆ ವರ್ಷಕ್ಕೆ ಒಂದೇ ದಿನ, ವಿಜಯದಶಮಿಯ ಬೆಳಿಗ್ಗೆ. ವಿದ್ಯೆ ಶುರು ಮಾಡಲು ಒಳ್ಳೆಯ ದಿನವೆಂದು ಹಿಂದೆ ಯಾರೋ ಹಾಗೆ ಗೊತ್ತುಮಾಡಿದ್ದರಂತೆ. ಈ ದಸರೆ ತಪ್ಪಿದರೆ ಮುಂದಿನ ದಸರೆ. ಅಷ್ಟರಲ್ಲಿ ಗುರುಮಲ್ಲಪ್ಪನವರಿಗೆ ಹೆಂಡತಿಯ ಆಟ ಕಾಣುವುದಿಲ್ಲ. ಇಷ್ಟು ಗೊತ್ತಾದ ಮೇಲೆ ನನಗೆ ನೆಮ್ಮದಿಯೆಂಬುದೇ ಇರಲಿಲ್ಲ.

ದಿನಾ ಸಂಜೆ ಪಾಠ. ನಾನು ಕಲಿತದ್ದೂ ಆ ಸಂಜೆ ಪಾಠದಲ್ಲೇ, ಬೇರೆ ಶಾಲೆ ನನಗಿಲ್ಲ. ನಾನು ಹೇಳುವುದರಲ್ಲಿ ತಪ್ಪಿದ್ದರೆ ತಿಳಿದವರು ತಿದ್ದಿಕೊಳ್ಳಬೇಕು. ಸರ್ವಮಂಗಳಾ ಮೊದಮೊದಲು ನನ್ನ ಕತ್ತು ಹಿಸುಕುವಂತೆ ಹಿಡಿಯುತ್ತಿದ್ದರು. "ಹಾಲು ತುಂಬಿದ ಚೊಂಬು ಅಂದುಕೋ. ಬೀಳಲೂ ಬಾರದು, ತುಳುಕಲೂ ಬಾರದು" ಎಂದರು ಡಾಕ್ಟರು. ಬೀಸುವಾಗ ತೋಳುಗಳು ಮೈಬಿಟ್ಟು ಹಾರುತ್ತಿದ್ದವು. ಎದೆಗೆ ಅಡ್ಡಲಾಗಿ ಒಂದು ಟವೆಲ್ ಹಿಡಿದು, ಅದರ ತುದಿಗಳನ್ನು ಎರಡೂ ಕಂಕುಳಲ್ಲಿ ಸಿಕ್ಕಿಸಿ, ಅದು ಬೀಳದ ಹಾಗೆ ಬೀಸು ಎಂದರು. ಸೊಂಟ ಪಕ್ಕಕ್ಕೆ ವಾಲುತ್ತಿತ್ತು. ಎರಡೂ ಪಾದ ಜೋಡಿಸಿ ನಿಲ್ಲಿಸಿ ಹೊಡೆಸಿದರು. ವಾಲಿದರೆ ಬೀಳಲೇಬೇಕು. ಎರಡು ಸಲ ಬಿದ್ದರು ಕೂಡ. ಚೆಂಡಿಗಿಂತ ಹಿಂದೆಯೇ ನಾನು ನೆಲಕ್ಕೆ ತಗುಲುತ್ತಿದ್ದೆ. ಅದಕ್ಕೆ ಸರ್ವಮಂಗಳಾ ತಾವೇ ಉಪಾಯ ಮಾಡಿದರು: ಬೆರಳ ಸಂದಿಯಿಂದ ನೆಲದ ಮೇಲೆ ರಂಗೋಲಿಯ ಒಂದು ಗೆರೆ ಎಳೆದು, ನನ್ನ ಪೆಟ್ಟು ಗೆರೆಯಿಂದಾಚೆಗೇ ಬೀಳುವಂತೆ ಅಭ್ಯಾಸ ಮಾಡಿದರು. ನನ್ನ ತಲೆಯೆಲ್ಲ ಬಿಳಿ ಪುಡಿ. ಮೊದಲ ಯಜಮಾನರ ಚೆಂಡು ಬಲಕ್ಕೆ ಹೋಗುತ್ತಿದ್ದುದು ಅವರ ತೋಳಿನ ತಪ್ಪಿನಿಂದ ಎಂದು ನನಗೆ ತಿಳಿದದ್ದು ಆ ದಿನಗಳಲ್ಲಿ. ತಿಳಿದರೂ ಪೂರ್ತಿ ನಂಬಿಕೆ ಬರಲಿಲ್ಲ.

ಒಂದು ತಪ್ಪು ಮಾತ್ರ ಹೋಗಲೇ ಇಲ್ಲ. ನಾನು ಚೆಂಡಿಗೆ ತಾಗುವ ಮೊದಲೇ ಸರ್ವಮಂಗಳಾ ತಲೆ ಎತ್ತಿಬಿಡುತ್ತಿದ್ದರು. ತಲೆ ಎದ್ದರೆ ಹೆಗಲು ಏಳುತ್ತದೆ, ಹೆಗಲು ಎದ್ದರೆ ನಾನು ಚೆಂಡಿನ ನೆತ್ತಿ ಸವರಿಕೊಂಡು ಹೋಗುತ್ತೇನೆ. ಚೆಂಡು ಹುಲ್ಲಲ್ಲಿ ಉರುಳಿ ಕೊಳದ ಕಡೆ ಓಡುತ್ತದೆ.

"ಯಾಕೆ ತಲೆ ಎತ್ತುತ್ತೀಯೆ?"

"ಎಲ್ಲಿ ಹೋಯ್ತು ಅಂತ ನೋಡಬೇಡವಾ? ಎಲ್ಲಿ ಹೋಯ್ತು, ಎಲ್ಲಿ ಹೋಯ್ತು ಅಂತ ಕೇಳೋರು ನೀವೇ ಅಲ್ಲವಾ?"

ಅದು ನಿಜ. ಡಾಕ್ಟರಿಗೆ ಹೆಂಡತಿಯ ಆಕಾರ ಮಸುಕಾಗಿ ಕಾಣುತ್ತಿತ್ತು, ಚೆಂಡು ಕಾಣುತ್ತಿರಲಿಲ್ಲ. ಇಬ್ಬರ ಪರವಾಗಿ ಇವರೊಬ್ಬರೇ ನೋಡಬೇಕಾಗಿತ್ತು. ಆ ಅವಸರವೇ ತಪ್ಪಿನ ಮೂಲ.

ಡಾಕ್ಟರು ಒಂದು ಹೊಂಗೆ ಎಲೆ ಕಿತ್ತು ತಂದರು. ಚೆಂಡನ್ನು ಅದರ ಮೇಲಿಟ್ಟರು. "ಇನ್ನು ನಾನು ಚೆಂಡಿನ ವಿಷಯ ಕೇಳಲ್ಲ. ಹೊಡೆದಮೇಲೆ ಎಲೆ ಹೇಗಿದೆ ಅಂತ ಹೇಳು. ಮಗುಚಿದೆಯಾ, ಹರಿದಿದೆಯಾ? ಅಷ್ಟೇ ಸಾಕು."

ಎರಡು ದಿನ ಚೆನ್ನಾಗಿ ನಡೆಯಿತು. ಆಮೇಲೆ ಸರ್ವಮಂಗಳಾ ಕಳ್ಳಾಟ ಶುರು ಮಾಡಿದರು. ತಲೆ ಎತ್ತಿ ಚೆಂಡನ್ನೇ ನೋಡುತ್ತಾ, "ಮಗುಚಿದೆ ರೀ" ಅನ್ನುವುದು. ಎಲೆ ಇಟ್ಟ ಹಾಗೆಯೇ ಇರುತ್ತಿತ್ತು. ಡಾಕ್ಟರಿಗೆ ಕಾಣುತ್ತಿರಲಿಲ್ಲ. ನನಗೆ ಕಾಣುತ್ತಿತ್ತು. ನಾನು ಯಾರಿಗೆ ಹೇಳಲಿ?

ಆಯುಧಪೂಜೆ ಬಂತು. ಸ್ಕೂಟರು, ಈಳಿಗೆಮಣೆ, ಡಾಕ್ಟರ ಹಳೆಯ ಕತ್ತರಿಗಳು, ಇವುಗಳ ಸಾಲಿನಲ್ಲಿ ನಾನು. ಪ್ರತಿ ವರ್ಷ ಡಾಕ್ಟರು ನನ್ನ ಕಬ್ಬಿಣದ ತಲೆಗೆ ಮಾತ್ರ ಒಂದು ತೊಟ್ಟು ಎಳ್ಳೆಣ್ಣೆ ಸವರಿ, ಬಟ್ಟೆಯಲ್ಲಿ ಒರೆಸಿ, ವಿಭೂತಿ ಬಳಿಯುತ್ತಿದ್ದರು. ಈ ಸಲ ಕೈಯೇ ಕಣ್ಣು. ತಲೆಯಿಂದ ಶುರುವಾದ ಎಣ್ಣೆ ಬಟ್ಟೆ ಮೈಯುದ್ದ ಬಂದು, ಹಿಡಿಗೂ ಬಂದು, ಅಲ್ಲಿ ಇನ್ನಷ್ಟು ಪ್ರೀತಿಯಿಂದ ಉಜ್ಜಿತು. ರಬ್ಬರು ಎಣ್ಣೆ ಕುಡಿಯಿತು. ಪೂಜೆಗಿಟ್ಟ ಆಯುಧವನ್ನು ಮಾರನೆಯ ದಿನದವರೆಗೆ ಮುಟ್ಟುವಂತಿಲ್ಲ. ಇಡೀ ರಾತ್ರಿ ಆ ಎಣ್ಣೆಯೊಡನೆ ಬಿದ್ದಿದ್ದೆ.

ಬೆಳಿಗ್ಗೆ ನನ್ನನ್ನು ಎತ್ತಿದ ಕೂಡಲೇ ಸರ್ವಮಂಗಳಾರಿಗೆ ಗೊತ್ತಾಯಿತು. ಕೋಣೆಯಲ್ಲಿ ಗಂಡ ಶರಟಿನ ಗುಂಡಿಯನ್ನು ತಡಕಾಡಿ ಹಾಕಿಕೊಳ್ಳುತ್ತಿದ್ದರು. ಅವರಿಗೆ ಗೊತ್ತಾಗುವುದು ಬೇಡವೆನಿಸಿತು ಇವರಿಗೆ. ಬಚ್ಚಲಿಗೆ ಒಯ್ದು ನನಗೆ ಸೀಗೆಪುಡಿ ಹಾಕಿ ತಲೆಸ್ನಾನ ಮಾಡಿಸಿದರು. ಮೇಲಿನದು ಹೋಯಿತು, ಒಳಗೆ ಇಳಿದಿದ್ದು ಒಸರುತ್ತಲೇ ಇತ್ತು.

ಮೈದಾನದ ಕಾರ್ಯದರ್ಶಿ ಮೇದಪ್ಪ ಕೊಳದ ಪಕ್ಕ ಕುರ್ಚಿ ಹಾಕಿಸಿಕೊಂಡು ಕೂತಿದ್ದರು. "ಬನ್ನಿ ಟೀಚರ್. ನಿಮ್ಮ ಕ್ಲಾಸಿನಲ್ಲಿ ಎಷ್ಟು ಜನ ಫೇಲಾಗಿರಬಹುದು?"

"ನೀವು ನನ್ನ ಕ್ಲಾಸಲ್ಲಿ ಇರಲಿಲ್ಲವಲ್ಲ ಸಾರ್, ಅಷ್ಟೇನೂ ಇಲ್ಲ" ಅಂದರು ಸರ್ವಮಂಗಳಾ. ನಗುತ್ತಲೇ ಅಂದರು. ಅವರ ಅಂಗೈ ಮಾತ್ರ ಬೆವೆತಿತ್ತು.

ಮೊದಲ ಚೆಂಡು. ಅರ್ಧ ಬೀಸಿನಲ್ಲೇ ನಾನು ಅವರ ಕೈಯೊಳಗೆ ತಿರುಗಿಬಿಟ್ಟೆ. ಹೆದರಿ ಅವರು ತಲೆ ಎತ್ತಿದರು. ಚೆಂಡು ನೀರಿಗೆ ಬಿದ್ದ ಸದ್ದು ಎಲ್ಲರಿಗೂ ಕೇಳಿತು. ಹಿಡಿಯೊಳಗಿನ ಎಣ್ಣೆ ನನ್ನದಲ್ಲ, ಆದರೂ ಜಾರಿದ್ದು ನಾನೇ ತಾನೇ?

ಕೈ ಒರೆಸಿಕೊಳ್ಳಲು ಅವರು ಗಂಡನ ಹತ್ತಿರ ಬಂದರು. ಟವೆಲ್ ಕೊಡಲು ಹೋದ ಡಾಕ್ಟರು ಅವರ ಕೈ ಹಿಡಿದು ಮೂಸಿದರು.

"ಎಳ್ಳೆಣ್ಣೆ ವಾಸನೆ."

"ತಲೆಗೆ ಹಚ್ಚಿಕೊಂಡಿದ್ದೆ ರೀ."

"ಮದುವೆಯಾದಾಗಿನಿಂದ ಕೊಬ್ಬರಿ ಎಣ್ಣೆ ಬಿಟ್ಟು ಬೇರೆ ಮುಟ್ಟಿಲ್ಲ ನೀನು." ಡಾಕ್ಟರು ಕೈ ಚಾಚಿ ನನ್ನ ಹಿಡಿಯನ್ನು ಮುಟ್ಟಿದರು. ಮುಖ ಇಳಿಯಿತು. "ನಾನೇ ಹಾಳು ಮಾಡಿದೆನೇನೆ?"

"ಹಬ್ಬದ ದಿನ ಏನೇನೋ ಮಾತಾಡಬೇಡಿ."

ಡಾಕ್ಟರು ಜೇಬಿನಿಂದ ಸಣ್ಣ ಡಬ್ಬಿ ತೆಗೆದರು. ಅದರಲ್ಲಿ ದಿನಾ ಹಣೆಗೆ ಹಚ್ಚುವ ವಿಭೂತಿ ಗಟ್ಟಿ ಇತ್ತು. ಅದನ್ನು ಬೆರಳಿಂದ ಪುಡಿ ಮಾಡಿ ನನ್ನ ಹಿಡಿಗೆ ಒತ್ತಿ ತಿಕ್ಕಿದರು, ಹೆಂಡತಿಯ ಎರಡೂ ಅಂಗೈಗೆ ಹಚ್ಚಿದರು. ಬೂದಿ ಎಣ್ಣೆಯನ್ನು ಹೀರಿತು. ಮೇದಪ್ಪನವರು ತಡೆಯಲೆಂದು ಕುರ್ಚಿಯಿಂದ ಎದ್ದವರು, ಮತ್ತೆ ಕೂತರು.

ಎರಡನೆಯ ಚೆಂಡು ಕೊಳ ದಾಟಿತು, ದಡದಂಚಿಗೆ, ಬದುಕಿದರೆ ಸಾಕು ಎನ್ನುವಂತೆ.

ಇನ್ನೊಂದು ಉಳಿದಿತ್ತು. ಸರ್ವಮಂಗಳಾ ಹಾಲಿನ ಚೊಂಬಿನ ಹಾಗೆ ನನ್ನನ್ನು ಹಿಡಿದರು. ನನ್ನನ್ನು ಎತ್ತಿದರು. ಕುಲುಮೆಯ ಆ ಕನ್ನಡಕದವರಿಗೆ ಕಂಡಿದ್ದ ಕುಂದು ಈಗ ಹೊರಬೀಳದಿದ್ದರೆ ಸಾಕು ಎಂದುಕೊಂಡೆ. ಚೆಂಡು ತಾಗಿದ್ದೇ ನನಗೆ ಗೊತ್ತಾಗಲಿಲ್ಲ, ಅಷ್ಟು ಹಗುರವಾಗಿತ್ತು.

ನೀರಿನ ಸದ್ದಿಗಾಗಿ ಎಲ್ಲರೂ ಕಾದರು. ಸರ್ವಮಂಗಳಾ ತಲೆ ಎತ್ತಿರಲಿಲ್ಲ.

"ಎಲೆ ಹೇಗಿದೆ?" ಡಾಕ್ಟರು ಕೇಳಿದರು.

"ಇವತ್ತು ಎಲೆ ಎಲ್ಲಿದೆ ರೀ? ಇಲ್ಲಿ ಒಂದು ಇರುವೆ ಇದೆ. ಬಾಯಲ್ಲಿ ಹುಲ್ಲಿನ ಬೀಜ ಕಚ್ಚಿಕೊಂಡು ಹೋಗ್ತಿದೆ."

"ಹಾಗಾದರೆ ತಲೆ ಎತ್ತು" ಅಂದರು ಡಾಕ್ಟರು. "ಚೆಂಡು ನೀರಿಗೆ ಬೀಳಲಿಲ್ಲ. ಆಚೆ ಹುಲ್ಲಿಗೆ ಬಿದ್ದ ಸದ್ದು ಕೇಳಿಸ್ತು ನನಗೆ."

ಆ ಚಳಿಗಾಲ ಅವರಿಬ್ಬರೂ ಜೊತೆಯಾಗಿ ಆಡಿದರು. ಮೊದಲು ಹುಲ್ಲಲ್ಲಿ ಏನಿದೆ ಎಂದು ಹೇಳಿ, ಆಮೇಲೆ ಚೆಂಡು ಎಲ್ಲಿ ಹೋಯಿತು ಎಂದು ಹೇಳುತ್ತಿದ್ದರು ಸರ್ವಮಂಗಳಾ. ಅವರ ಹಸಿರು ಸೀರೆ ಹುಲ್ಲಿನಲ್ಲಿ ಕರಗಿಹೋಗುತ್ತದೆಂದು ಡಾಕ್ಟರು ಕೆಂಪು ಸೀರೆಯನ್ನೇ ಉಡಲು ಹೇಳುತ್ತಿದ್ದರು. ಶಿವರಾತ್ರಿಯ ಹೊತ್ತಿಗೆ ಕೆಂಪೂ ಕಾಣದಾಯಿತು.

ಈಗ ನನಗೆ ವಯಸ್ಸಾಗಿದೆ. ಕತ್ತು ಸ್ವಲ್ಪ ಬಾಗಿದೆ, ಮುಖದ ಗೆರೆ ಸವೆದಿದೆ. ಬಾಗಿಲ ಹಿಂದೆ ಕೊಡೆಯ ಪಕ್ಕ ನಿಂತಿರುತ್ತೇನೆ. ಹಿತ್ತಲ ನುಗ್ಗೆಕಾಯಿ ಕೀಳಲು ಸರ್ವಮಂಗಳಾ ನನ್ನನ್ನು ಕರೆದೊಯ್ಯುತ್ತಾರೆ. ಆಗಲೂ ಜಾರಿಬಿಟ್ಟರೆ ಎಂದು ಹೆದರುತ್ತೇನೆ. ಹೆದರಿಕೆ ಬಹುಶಃ ನನ್ನ ಕಬ್ಬಿಣದಲ್ಲೇ ಇದೆ, ಯಾವ ಅಭ್ಯಾಸದಿಂದಲೂ ಹೋಗಲಿಲ್ಲ.

ಮೊನ್ನೆ ಆಯುಧಪೂಜೆಗೆ ಡಾಕ್ಟರು ನನ್ನನ್ನು ತೊಡೆಯ ಮೇಲೆ ಮಲಗಿಸಿಕೊಂಡರು. ಎಣ್ಣೆ ಬಟ್ಟೆ ತಲೆಯಿಂದ ಶುರುವಾಗಿ ಹಿಡಿಯ ಹತ್ತಿರ ಬಂದು ನಿಂತಿತು.

"ಇದಕ್ಕೂ ಹಚ್ಚಲಾ ಮಂಗಳಾ?"

"ಹಚ್ಚಿ. ಇನ್ನು ಯಾರು ಬೀಸಬೇಕು ಅದನ್ನ?"

ಅವರು ಹಚ್ಚಿದರು, ಸಾವಕಾಶವಾಗಿ, ಕೊನೆಯವರೆಗೂ. ಆಮೇಲೆ ಜೇಬು ತಡಕಿ ಡಬ್ಬಿ ತೆಗೆದು, ಹಿಡಿಯ ಮೇಲೆಲ್ಲ ವಿಭೂತಿ ತಿಕ್ಕಿದರು.