ಚೀಟಿಯ ಹಿಂಬದಿ

ಕನ್ನಡಕದಂಗಡಿಯ ಹಿಂದಿನ ಕೋಣೆಯಲ್ಲಿ ಕೂತು ಗಾಜು ತೇಯುವವಳನ್ನು ಊರೆಲ್ಲ ಕನ್ನಡಕದಕ್ಕ ಎಂದೇ ಕರೆಯುತ್ತಿತ್ತು. ಅವಳ ವಯಸ್ಸು ಇಪ್ಪತ್ತೊಂಬತ್ತು. ಎಪ್ಪತ್ತರ ಮುದುಕರೂ ಬಾಯಿ ತುಂಬ ಅಕ್ಕ ಅನ್ನುತ್ತಿದ್ದರು, ತಿದ್ದಿ ತಿದ್ದಿ ಸಾಕಾಗಿ ಅವಳು ಕೈಚೆಲ್ಲಿದ್ದಳು. ಅಪ್ಪ ಅವಳಿಗೆ ಬಿಟ್ಟುಹೋದದ್ದು ಎರಡೇ ವಸ್ತು. ಒಂದು, ಕಾಲಲ್ಲಿ ತುಳಿದು ತಿರುಗಿಸುವ ಸಾಣೆಯಂತ್ರ. ಇನ್ನೊಂದು, ದುಡ್ಡಿರುವ ದೊಡ್ಡವರ ಮುಂದೆ ತಾನಾಗಿ ಬಾಯಿ ಬಿಡದ ಹಟ. "ಅವರು ಮೊದಲು ಮಾತಾಡಿಸ್ಲಿ, ಆಮೇಲೆ ನಾವು" ಎನ್ನುವುದು ಅಪ್ಪನ ಪಾಠ. ಯಂತ್ರ ಕಿರುಗುಟ್ಟಿದರೆ ಎರಡು ಹನಿ ಎಣ್ಣೆ ಬಿಟ್ಟರೆ ಸಾಕಿತ್ತು. ಹಟಕ್ಕೆ ಯಾವ ಎಣ್ಣೆಯೂ ನಾಟುತ್ತಿರಲಿಲ್ಲ.

ಮುಂದಿನ ಕೋಣೆ ಚಿಕ್ಕಮ್ಮನ ರಾಜ್ಯ. ಗಿರಾಕಿಯನ್ನು ಕೂರಿಸುವುದು, ಗೋಡೆಯ ಮೇಲಿನ ಅಕ್ಷರ ಓದಿಸುವುದು, ಓದಿಸುತ್ತಲೇ ಅವರ ಮನೆಯ ಸುದ್ದಿಯೆಲ್ಲ ಹೀರಿಕೊಳ್ಳುವುದು ಅವಳ ಕೆಲಸ. ಒಬ್ಬೊಬ್ಬರ ಕನ್ನಡಕಕ್ಕೂ ಒಂದೊಂದು ತಗಡಿನ ತಟ್ಟೆ, ತಟ್ಟೆಗೊಂದು ಚೀಟಿ. ಚೀಟಿಯ ಮುಂಬದಿಯಲ್ಲಿ ಹೆಸರು ಮತ್ತು ನಂಬರು. ಹಿಂಬದಿಯಲ್ಲಿ ಚಿಕ್ಕಮ್ಮ ಬಗೆದು ತೆಗೆದ ವಿಷಯ: "ಎಡಗಿವಿ ಸ್ವಲ್ಪ ಕೆಳಗಿದೆ", "ಕಪ್ಪು ಚೌಕಟ್ಟು ಹೆಂಡತಿಗೆ ಆಗಲ್ಲವಂತೆ", "ಇವರದು ನಿಧಾನಕ್ಕೆ ಮಾಡು, ಮಗಳ ಮನೆಗೆ ಹೋಗಿದಾರೆ". ಅದರಲ್ಲಿ ಅರ್ಧ ಉಪಯೋಗಕ್ಕೆ ಬರುತ್ತಿತ್ತು, ಉಳಿದರ್ಧ ಬರಿ ಹರಟೆ. ಆದರೂ ಚೀಟಿ ಮಗುಚಿ ನೋಡದೆ ಕನ್ನಡಕದಕ್ಕ ಗಾಜು ಮುಟ್ಟುತ್ತಿರಲಿಲ್ಲ. ಹನ್ನೊಂದು ವರ್ಷದಲ್ಲಿ ಒಂದೇ ಒಂದು ಸಲ ಅವಳು ಅದನ್ನು ತಪ್ಪಿದಳು. ಆ ಒಂದು ಸಲ ನೆನೆಸಿಕೊಂಡರೆ ಈಗಲೂ ಮೈ ಪರಚಿಕೊಳ್ಳುವ ಹಾಗಾಗುತ್ತದೆ.

ತಿಂಗಳ ಮೊದಲನೇ ತಾರೀಖು ಗಿರಣಿ ಮನೆಯ ಕಿರಿಮಗ ಅಂಗಡಿಗೆ ಬಂದ. ಊರಿನ ಅರ್ಧ ಜನ ಅವರ ಗಿರಣಿಯಲ್ಲೇ ದುಡಿಯುವವರು. ಮೇಲಿನ ರಸ್ತೆಯ ಆ ಮನೆಯ ಮೆಟ್ಟಿಲು ಹತ್ತಿದವರು ಅಂಗಡಿಯಿದ್ದ ಕೆಳಗಿನ ಬೀದಿಯಲ್ಲಿ ಯಾರೂ ಇರಲಿಲ್ಲ. ಅವನ ಕೈಯಲ್ಲಿ ಕರವಸ್ತ್ರದ ಗಂಟು, ಗಂಟಿನಲ್ಲಿ ಪುಡಿಪುಡಿಯಾದ ಕನ್ನಡಕ.

"ನಾನೇ ಇದರ ಮೇಲೆ ಕೂತೆ" ಎಂದ. "ಬಯ್ಯೋಣ ಅಂದ್ರೆ ಬೇರೆ ಯಾರೂ ಸಿಗ್ತಿಲ್ಲ."

ಚಿಕ್ಕಮ್ಮ ನಂಬರು ನೋಡಿ ಬರೆದುಕೊಂಡ ಮೇಲೂ ಅವನು ಹೊರಡಲಿಲ್ಲ. ಗಾಜು ತೇಯುವುದನ್ನು ನೋಡಬಹುದೇ ಎಂದು ಕೇಳಿ ಹಿಂದಿನ ಕೋಣೆಗೆ ಬಂದು, ಅವಳ ಪಕ್ಕದ ಮುಕ್ಕಾಲಿ ಮೇಲೆ ಕೂತ. ಒಂದು ತಾಸು ಕದಲಲಿಲ್ಲ. ಬಾಗಿ ಬಾಗಿ ಅವಳ ಬೆರಳಿಗೆ ಮೂಗು ತಾಗುವಷ್ಟು ಹತ್ತಿರ ಬಂದು ನೋಡಿದ.

"ಸ್ವಲ್ಪ ಹಿಂದೆ ಸರೀರಿ, ಮೂಗು ತೇದುಹೋಗುತ್ತೆ."

"ಹೋದ್ರೆ ಹೋಗ್ಲಿ ಬಿಡಿ. ಹೇಗೂ ಒಂದಂಗುಲ ಜಾಸ್ತಿನೇ ಇದೆ."

ಅವಳಿಗೆ ನಗು ಬಂತು. ನಗು ಬಂದದ್ದಷ್ಟೇ ಅಲ್ಲ, ಸಂತೋಷವಾಯಿತು. ಸಾಣೆಗೆ ಯಾವ ಪುಡಿ ಹಾಕುತ್ತೀರಿ, ಅಂಚು ಯಾಕೆ ದಪ್ಪ, ಕೈ ನೋಯುವುದಿಲ್ಲವೇ ಎಂದು ಅವನು ಕೇಳಿದ ಹಾಗೆ ಈವರೆಗೆ ಯಾರೂ ಕೇಳಿರಲಿಲ್ಲ. ಹೊರಡುವಾಗ ಅವನು ಬಾಗಿಲ ಚೌಕಟ್ಟು ಹಿಡಿದು ನಿಂತ.

"ಭಾನುವಾರ ಸಂಜೆ ಸಭಾಭವನದಲ್ಲಿ ಸಂಗೀತ ಇದೆ, ನಮ್ಮಮ್ಮನ ಸಂಘದ್ದು. ಬರ್ತೀರಾ? ಬಾಗಿಲಲ್ಲೇ ನಿಂತಿರ್ತೀನಿ ನಾನು."

"ನೋಡೋಣ" ಎಂದಳು ಕನ್ನಡಕದಕ್ಕ. ನೋಡುವುದೇನಿತ್ತು, ಆಗಲೇ ಮನಸ್ಸು ಹೋಗಿ ಮುಂದಿನ ಸಾಲಲ್ಲಿ ಕೂತಾಗಿತ್ತು.

ಭಾನುವಾರ ತನ್ನಲ್ಲಿದ್ದ ನಾಲ್ಕು ಒಳ್ಳೆಯ ಬಟ್ಟೆಯನ್ನೂ ಮಂಚದ ಮೇಲೆ ಹರಡಿ, ನಾಲ್ಕನ್ನೂ ಉಟ್ಟು ಬಿಚ್ಚಿ, ಕಡೆಗೆ ಮೊದಲನೆಯದನ್ನೇ ಉಟ್ಟಳು. ಉಗುರಿನ ಸಂದಿಯ ಸಾಣೆಪುಡಿ ಹೋಗುವ ತನಕ ಬ್ರಷ್ಷಿನಿಂದ ತಿಕ್ಕಿದಳು. ಸಭಾಭವನದ ಬಾಗಿಲಲ್ಲಿ ಅವನು ಹೇಳಿದಂತೆಯೇ ನಿಂತಿದ್ದ. ಮೈಮೇಲೆ ಕಪ್ಪು ಕೋಟು, ಪಕ್ಕದಲ್ಲಿ ಅಮ್ಮ. ಮುಖದ ಮೇಲೆ ಕನ್ನಡಕ ಇರಲಿಲ್ಲ.

ಕನ್ನಡಕ ಇಲ್ಲದ್ದು ಅವಳ ಕಣ್ಣಿಗೆ ಬೀಳದೇ ಇರಲಿಲ್ಲ, ಕಸುಬು ಅದೇ ತಾನೇ. ಆದರೆ ನಾಲ್ಕು ಜನ ಸೇರಿದ ಕಡೆ ಕನ್ನಡಕ ತೆಗೆದು ಜೇಬಿಗಿಳಿಸುವ ಶೋಕಿಲಾಲರನ್ನು ಅವಳು ಬೇಕಾದಷ್ಟು ಕಂಡಿದ್ದಳು. ಮೇಲಿನ ರಸ್ತೆಯವರ ಮನೆಯಲ್ಲಿ ಒಂದೊಂದು ಕೋಟಿಗೂ ಒಂದೊಂದು ಕನ್ನಡಕ ಇರುತ್ತದೆ, ಒಡೆದದ್ದು ಅದರಲ್ಲಿ ಯಾವುದೋ ಒಂದು ಎಂದು ತಾನೇ ತೀರ್ಮಾನ ಮಾಡಿಬಿಟ್ಟಿದ್ದಳು. ಯಾರನ್ನೂ ಕೇಳಿರಲಿಲ್ಲ.

ಮೆಟ್ಟಿಲು ಹತ್ತಿ ಅವನಿಂದ ನಾಲ್ಕು ಹೆಜ್ಜೆ ಈಚೆ ನಿಂತಳು. ಅವನು ನೇರ ಅವಳ ಮುಖವನ್ನೇ ನೋಡಿದ. ಮಾತಾಡಿಸಲಿ ಎಂದು ಅವಳು ಕಾದಳು. ಅವನ ಕಣ್ಣು ಅವಳ ಮೇಲೆ ಒಂದು ಕ್ಷಣ ನಿಂತು, ಗೋಡೆಯನ್ನೋ ಕಂಬವನ್ನೋ ದಾಟಿದ ಹಾಗೆ ದಾಟಿಹೋಯಿತು. ಅಷ್ಟರಲ್ಲಿ ಅವಳ ಬೆನ್ನಹಿಂದಿನಿಂದ ಒಬ್ಬ ಡೊಳ್ಳುಹೊಟ್ಟೆಯ ಗುತ್ತಿಗೆದಾರ "ಏನಪ್ಪಾ ಸಣ್ಣ ಸಾಹುಕಾರ!" ಎಂದು ಗಂಟಲು ಹರಿಯುವಂತೆ ಕೂಗಿದ. ಕೂಡಲೇ ಅವನ ಮುಖ ಅರಳಿತು, ಅವಳನ್ನು ದಾಟಿ ಕೈ ಚಾಚಿದ. ಅವನ ಪಕ್ಕದಲ್ಲಿದ್ದ ಗಿರಣಿಯಮ್ಮ ಅವಳನ್ನು ಕಾಲಿಂದ ತಲೆವರೆಗೆ ಅಳೆದು, "ಕೆಲಸದೋರು ಹಿಂದಿನ ಬಾಗಿಲಿಂದ ಬರ್ಬೇಕು" ಎಂದರು.

ಅವಳು ಹಿಂದಿನ ಬಾಗಿಲಿಗೂ ಹೋಗಲಿಲ್ಲ. ಮನೆಗೆ ಬಂದು ತಲೆನೋವು ಎಂದು ಮುಸುಕೆಳೆದು ಮಲಗಿದಳು. ಚಿಕ್ಕಮ್ಮನ ಕಿವಿಗೆ ಹಾಕಿದರೆ ಬೆಳಗಾಗುವುದರೊಳಗೆ ಬೀದಿಗೆಲ್ಲ ಗೊತ್ತಾಗುತ್ತದೆಂದು ತುಟಿ ಪಿಟಕ್ಕೆನ್ನಲಿಲ್ಲ. ಹೇಳಿದ್ದರೆ ಎಲ್ಲ ಅಲ್ಲಿಗೇ ಬಗೆಹರಿಯುತ್ತಿತ್ತು. ಆದರೆ ಮರ್ಯಾದೆ ಅನ್ನುವುದೊಂದಿದೆಯಲ್ಲ, ಅದು ಬಾಯಿಗೆ ಬೀಗ ಹಾಕಿ ಕೂತಿತ್ತು.

ಮಾರನೆಯ ಬೆಳಿಗ್ಗೆ ಗಿರಣಿ ಮನೆಯ ತಟ್ಟೆಯನ್ನು ಚೀಟಿ ಮಗುಚದೆ ಎತ್ತಿ, ಎಲ್ಲಕ್ಕಿಂತ ಕೆಳಗಿನ ಹಲಗೆಯ ಮೂಲೆಗೆ ತಳ್ಳಿದಳು. ದೊಡ್ಡಮನುಷ್ಯರು ಸರದಿಯಲ್ಲಿ ನಿಲ್ಲುವುದನ್ನೂ ಸ್ವಲ್ಪ ಕಲಿಯಲಿ ಎಂದುಕೊಂಡಳು. ಹೊಟ್ಟೆಯ ಉರಿ ಅಷ್ಟಕ್ಕೇ ಆರಲಿಲ್ಲ.

ಹತ್ತನೇ ತಾರೀಖು ಅವನು ಬಂದ. ಅವಳು ಎರಡು ಕೋಣೆಯ ನಡುವಿನ ಪರದೆಯ ಹಿಂದಿನಿಂದ ಏಳಲೇ ಇಲ್ಲ.

"ಆಯ್ತಾ?"

"ಇಲ್ಲ."

"ಸ್ವಲ್ಪ ಅವಸರ ಇತ್ತು."

"ಎಲ್ಲರಿಗೂ ಅವಸರವೇ."

"ಅಲ್ಲ, ಭಾನುವಾರ ನೀವು..."

ಅವಳು ಯಂತ್ರದ ಪೆಡಲು ತುಳಿದಳು. ಕರಕರ ಸದ್ದಿನಲ್ಲಿ ಅವನ ಮಾತು ಮುಳುಗಿತು. ಹೋಗುವಾಗ ಬೆಂಚನ್ನು ಢಣಾರೆಂದು ಒದ್ದುಕೊಂಡು ಹೋದ. ಸಿಟ್ಟಿಗೆ ಬೇಕೆಂದೇ ಒದ್ದ, ಎಷ್ಟು ಕೊಬ್ಬು ನೋಡು ಎಂದು ಅವಳು ಹಲ್ಲು ಕಡಿದಳು.

ಆಮೇಲೆ ಬೀದಿಯಲ್ಲಿ ಮೂರು ಸಲ ಎದುರಾದ. ಅಂಚೆಕಚೇರಿಯ ಮುಂದೆ ಒಮ್ಮೆ, ಸೇತುವೆಯ ಮೇಲೆ ಒಮ್ಮೆ, ಔಷಧಿ ಅಂಗಡಿಯ ಬಾಗಿಲಲ್ಲಿ ಒಮ್ಮೆ. ಮೂರು ಸಲವೂ ಅವಳು ಎದುರಿಗೇ ನಿಂತು, ತಲೆಯೆತ್ತಿ, ಅವನು ಮಾತಾಡಿಸಲೆಂದು ಕಾದಳು. ಮೂರು ಸಲವೂ ಅವನು ಸುಮ್ಮನೆ ಹಾದುಹೋದ. ಓದುತ್ತಿರುವ ನೀವು ಈಗಾಗಲೇ ಹಣೆ ಚಚ್ಚಿಕೊಳ್ಳುತ್ತಿರಬಹುದು. ಅವನ ಕಣ್ಣು ಅವಳದೇ ಹಲಗೆಯ ಮೂಲೆಯಲ್ಲಿ ಬಿದ್ದಿತ್ತು, ಅದನ್ನು ಅಲ್ಲಿಗೆ ತಳ್ಳಿದವಳೂ ಅವಳೇ. ತಡ ಮಾಡಿದಷ್ಟೂ ಅವನು ಕಾಣದೆ ನಡೆದ, ಕಾಣದೆ ನಡೆದಷ್ಟೂ ಅವಳು ತಡ ಮಾಡಿದಳು.

"ಏನೇ, ಆ ಹುಡುಗಂದು ಇನ್ನೂ ಆಗಿಲ್ವಾ?" ಎಂದು ಚಿಕ್ಕಮ್ಮ ಕೇಳಿದಳು. "ಹಿಂದೆ ಎಲ್ಲಾ ಬರ್ದಿಟ್ಟಿದ್ನಲ್ಲ."

"ಗಾಜು ಬಂದಿಲ್ಲ ಚಿಕ್ಕಮ್ಮ."

"ಬರ್ದೇ ಹೋದ್ರೆ ನೀನು ತಾನೇ ಏನು ಮಾಡ್ತೀಯ, ಪಾಪ" ಎಂದು ಚಿಕ್ಕಮ್ಮ ಒಪ್ಪಿಕೊಂಡಳು. ಗಾಜು ಹತ್ತಿಯಲ್ಲಿ ಸುತ್ತಿಕೊಂಡು ಮೇಜಿನ ಸೆಳೆಖಾನೆಯಲ್ಲಿ ಸುಖವಾಗಿತ್ತು.

ಹದಿನೆಂಟಕ್ಕೆ ಅವನು ಮತ್ತೆ ಬಂದು ಪರದೆಯ ಆಚೆ ನಿಂತ. "ಹೇಗಾದ್ರೂ ಮಾಡಿ ನಾಳೆ ಕೊಡೋಕಾಗುತ್ತಾ? ಕೇಳ್ಕೋತೀನಿ." ಅವಳು ಅದೇ ಸುಳ್ಳು ಹೇಳಿದಳು. ಪರದೆಯ ಸಂದಿಯಲ್ಲಿ ಅವಳು ನೋಡುತ್ತಿದ್ದಂತೆ ಅವನು ಕೈಯಿಂದ ಗೋಡೆ ಸವರಿಕೊಂಡು ಮೆಟ್ಟಿಲಿಳಿದ. ಗೆದ್ದೆ ಎನಿಸಬೇಕಿತ್ತು. ಯಾಕೋ ಬಾಯೆಲ್ಲ ಕಹಿಯಾಯಿತು.

ಇಪ್ಪತ್ತೆರಡರ ಹೊತ್ತಿಗೆ ಹಲಗೆಗಳೆಲ್ಲ ಖಾಲಿಯಾಗಿ ಆ ಒಂದು ತಟ್ಟೆ ಮಾತ್ರ ಉಳಿಯಿತು. ಇನ್ನು ತಪ್ಪಿಸಿಕೊಳ್ಳುವಂತಿರಲಿಲ್ಲ. ಎತ್ತಿ ಮೇಜಿನ ಮೇಲಿಟ್ಟಳು, ಕೈ ತನ್ನ ಪಾಡಿಗೆ ಚೀಟಿ ಮಗುಚಿತು.

"ಇರೋದು ಇದೊಂದೇ ಜೋಡಿ" ಎಂದು ಚಿಕ್ಕಮ್ಮ ಬರೆದಿದ್ದಳು. "ಇಪ್ಪತ್ತಕ್ಕೆ ನಕ್ಷೆ ಕಚೇರಿ ಕೆಲಸದ ಪರೀಕ್ಷೆ. ಅಪ್ಪನಿಗೆ ಹೇಳದೆ ಕಟ್ಟಿದಾನಂತೆ, ಗಿರಣಿ ಬಿಟ್ಟು ಹೊರಗೆ ಬರೋಕೆ ಅದೊಂದೇ ದಾರಿಯಂತೆ. ಮೊದಲು ಇದನ್ನ ಮಾಡು. ಹುಡುಗ ಒಳ್ಳೆಯವನು, ನಿನ್ನ ಬಗ್ಗೆನೂ ಕೇಳಿದ."

ಅವಳು ಅದನ್ನು ಎರಡು ಸಲ ಓದಿದಳು. ಚೀಟಿಯ ಮುಂಬದಿ ನೋಡಿದಳು. ನಂಬರು ಮೈನಸ್ ಹನ್ನೊಂದು, ಎರಡೂ ಕಣ್ಣಿಗೆ. ಅದನ್ನು ಮೊದಲ ದಿನವೇ ನೋಡಿದ್ದಳು. ಹನ್ನೊಂದು ನಂಬರಿನವರಿಗೆ ನಾಲ್ಕು ಹೆಜ್ಜೆ ಆಚೆಯ ಮುಖ ಹೇಗೆ ಕಾಣುತ್ತದೆಂದು ಊರಲ್ಲಿ ಒಬ್ಬರಿಗಾದರೂ ಗೊತ್ತಿದ್ದರೆ ಅದು ಅವಳಿಗೆ. ಕಣ್ಣು ಮೂಗು ಏನೂ ಇರುವುದಿಲ್ಲ, ಬರೀ ಒಂದು ಮಸುಕಾದ ಬಿಳುಪು. ಅವನು ಬಾಗಿ ಬಾಗಿ ಬೆರಳಿಗೆ ಮೂಗು ತಾಗಿಸಿ ನೋಡಿದ್ದು ಯಾಕೆಂದು ಈಗ ಹೊಳೆಯಿತು. ಬೆಂಚು ಎಡವಿದ್ದು, ಗೋಡೆ ಸವರಿದ್ದು ಎಲ್ಲ ಹೊಳೆಯಿತು. ತನ್ನ ಕಪಾಳಕ್ಕೆ ತಾನೇ ಹೊಡೆದುಕೊಳ್ಳಬೇಕೆನಿಸಿತು.

ಎರಡು ದಿನ ಊಟ ತಿಂಡಿಯ ಪರಿವೆಯಿಲ್ಲದೆ ತೇದಳು. ಅಷ್ಟು ತೆಳುವಾದ ಅಂಚು ಅಪ್ಪನ ಕೈಯಲ್ಲೂ ಬಂದಿರಲಿಲ್ಲ. ಹೇಳಿಕಳಿಸಿದ ಮೇಲೆ ಅವನು ಬಂದಾಗ ಅವಳೇ ಮುಂದಿನ ಕೋಣೆಗೆ ಬಂದು, ಕನ್ನಡಕವನ್ನು ಅವನ ಕಿವಿಗೆ ಕೂರಿಸಿದಳು. ಅವನು ಕಣ್ಣು ಮಿಟುಕಿಸಿ ಅವಳನ್ನೇ ನೋಡಿದ.

"ಆವತ್ತು ಬರ್ಲೇ ಇಲ್ಲ ನೀವು" ಎಂದ. "ಸಂಗೀತ ಮುಗಿಯೋವರೆಗೂ ಬಾಗಿಲಲ್ಲೇ ನಿಂತಿದ್ದೆ. ಕೆಳಗಿನ ಬೀದಿಯವರಿಗೆ ನಾವಂದ್ರೆ ಆಗಲ್ಲ ಅಂತಾರಲ್ಲ, ನಿಜವೇ ಇರ್ಬೇಕು ಅಂದ್ಕೊಂಡೆ."

ತಲೆನೋವಿನ ಸುಳ್ಳು ನಾಲಿಗೆಯ ತುದಿಗೇ ಬಂದಿತ್ತು. ಅವಳು ಅದನ್ನು ನುಂಗಿದಳು.

"ಬಂದಿದ್ದೆ. ನಾಲ್ಕೇ ಹೆಜ್ಜೆ ದೂರದಲ್ಲಿದ್ದೆ. ನೀವು ನೋಡಿಯೂ ನೋಡದ ಹಾಗೆ ಮಾಡಿದ್ರಿ ಅಂತ ಸಿಟ್ಟು ಬಂತು. ಗಾಜು ಮೊದಲಿಂದ್ಲೂ ಇಲ್ಲೇ ಇತ್ತು. ಬೇಕೂಂತ್ಲೇ ತಡ ಮಾಡಿದೆ."

ಚಿಕ್ಕಮ್ಮ ಬರೆಯುತ್ತಿದ್ದ ಚೀಟಿಯನ್ನು ಅಲ್ಲೇ ಬಿಟ್ಟು ತಲೆಯೆತ್ತಿದಳು.

ಅವನ ಮುಖ ಕೆಂಪಾಯಿತು. "ಪ್ರಶ್ನೆಪತ್ರಿಕೆ ಮೂಗಿಗೆ ಅಂಟಿಸ್ಕೊಂಡು ಓದಿದೆ. ಗೋಡೆಯ ಮೇಲಿನ ನಕ್ಷೆಯ ಗೆರೆ ಕಾಣದೆ ಅರ್ಧಕ್ಕೇ ಎದ್ದು ಬಂದೆ. ಸೋಮವಾರದಿಂದ ಗಿರಣಿ ಕಚೇರಿಗೆ ಬಾ ಅಂದಿದಾರೆ ಅಪ್ಪ. ಇನ್ನೇನು ನೆಪ ಹೇಳ್ಲಿ?"

"ನೀವು ಮೊದಲು ಮಾತಾಡಿಸ್ಲಿ ಅಂತ ನಾನು..."

"ಕಣ್ಣು ಕಾಣದವನು ಮೊದಲು ಮಾತಾಡಿಸ್ಬೇಕಿತ್ತಾ? ಒಂದು ಮಾತು ಆಡಿದ್ರೆ ಸಾಕಿತ್ತು. ದನಿ ಗೊತ್ತಿತ್ತು ನಂಗೆ."

ಅಷ್ಟು ಹೇಳಿ ಹೋದ. ಈ ಸಲ ಬೆಂಚು ಎಡವಲಿಲ್ಲ.

ಸೋಮವಾರ ಬೆಳಿಗ್ಗೆ ಅವಳು ಗಿರಣಿ ಗೇಟಿನ ಎದುರು ನಿಂತಳು. ಕೆಲಸದವರು ಹಿಂಡುಹಿಂಡಾಗಿ ಒಳಗೆ ಹೋಗುತ್ತಿದ್ದರು. ಅವನು ರಸ್ತೆಯ ಆಚೆ ಬದಿಯಲ್ಲಿ ತಲೆ ತಗ್ಗಿಸಿಕೊಂಡು ಬಂದ. ಒಮ್ಮೆ ತಲೆಯೆತ್ತಿದ. ತಾನು ತೇದ ಗಾಜಿನಲ್ಲಿ ಎಷ್ಟು ದೂರ ಕಾಣುತ್ತದೆಂದು ಅವಳಿಗೆ ಗೊತ್ತಿತ್ತು, ತನ್ನ ಹಣೆಯ ಬೆವರೂ ಅವನಿಗೆ ಕಾಣುತ್ತಿತ್ತು. ಅವನು ನೋಡಿದ, ಗುರುತು ಹಿಡಿದ, ಮುಖ ತಿರುಗಿಸಿದ. ಇಷ್ಟು ದಿನ ಅವಳು ಆಗದ ಅವಮಾನಕ್ಕೆ ಉರಿದಿದ್ದಳು. ಈಗ ನಿಜವಾದದ್ದೇ ಆಗಿತ್ತು.

ಅಪ್ಪನ ಪಾಠದ ಪ್ರಕಾರ ಅವಳು ತಲೆಯೆತ್ತಿಕೊಂಡು ಮನೆಗೆ ಹೋಗಬೇಕಿತ್ತು.

"ರೀ!" ಎಂದು ಕೂಗಿದಳು. "ರೀ, ನಾನು! ಕನ್ನಡಕದಂಗಡಿಯವಳು!"

ಇಡೀ ರಸ್ತೆ ತಿರುಗಿ ನೋಡಿತು. ಕಾವಲುಗಾರ ಬೀಡಿಯನ್ನು ಬಾಯಿಗಿಡುವುದು ಮರೆತ. ಅವನು ಗೇಟಿನಲ್ಲಿ ನಿಂತುಬಿಟ್ಟ.

"ಕೂಗ್ಬೇಡಿ. ಕಾಣಿಸ್ತಾ ಇದೀರಿ."

"ಕಾಣ್ಲಿ ಅಂತಾನೇ ಮಾಡಿಕೊಟ್ಟಿದ್ದು. ತಪ್ಪು ಪೂರ್ತಿ ನಂದೇ. ಬರೋ ವರ್ಷ ಪರೀಕ್ಷೆ ಮತ್ತೆ ಇದ್ಯಂತೆ, ವಿಚಾರಿಸ್ಕೊಂಡು ಬಂದಿದೀನಿ."

"ನಂಗಿನ್ನೂ ಕೋಪ ಹೋಗಿಲ್ಲ."

"ಹೋಗೋದು ಬೇಡ. ಕೋಪ ಇಟ್ಕೊಂಡೇ ಮಾತಾಡಿ."

ಗಿರಣಿಯ ಸೈರನ್ನು ಕೂಗಿತು. ಅವನು ಎರಡು ಹೆಜ್ಜೆ ಒಳಗಿಟ್ಟ. ಮತ್ತೆ ತಿರುಗಿ, ಕನ್ನಡಕದ ಕಡ್ಡಿ ಮುಟ್ಟಿಕೊಂಡು, ಮುಖದ ಗಂಟು ಬಿಚ್ಚದೆಯೇ ಹೇಳಿದ:

"ಎಡಗಡೆ ಸ್ವಲ್ಪ ಸಡಿಲ ಇದೆ."

ಗೇಟು ಮುಚ್ಚಿತು. ಎಡಗಡೆ ಕೂದಲೆಳೆಯಷ್ಟೂ ಸಡಿಲವಿರಲಿಲ್ಲ, ಕೂರಿಸಿದವಳು ಅವಳೇ. ಅಂಗಡಿಗೆ ಬಂದು ಅವನ ಖಾಲಿ ತಟ್ಟೆಯನ್ನು ಎಲ್ಲಕ್ಕಿಂತ ಮೇಲಿನ ಹಲಗೆಗಿಟ್ಟು, ಚೀಟಿ ಮಗುಚಿ ಚಿಕ್ಕಮ್ಮನ ಅಕ್ಷರದ ಕೆಳಗೆ ತನ್ನ ಕೈಯಾರೆ ಒಂದು ಸಾಲು ಬರೆದಳು: "ಸಂಜೆ ಬಂದರೆ ನಾನೇ ಮೊದಲು ಮಾತಾಡಬೇಕು."