ಆಮೆನ್ ಅನ್ನುವವರು

ಯಹೂದಿ ಧರ್ಮಗುರುಗಳಾದ ರಬ್ಬಿಗಳಿಗೆ ನಾಯಕತ್ವ ಕಲಿಸುವ ಆ ಮೂರು ದಿನದ ತರಬೇತಿಗೆ ಎಲಿಯೆಸೆರ್ ಗುರ್ವಿಚ್ ಬಂದದ್ದು ನಾಯಕತ್ವ ಕಲಿಯಲಿಕ್ಕೇನಲ್ಲ. ಎಂತ್ರೆ ರೀಯೊಸ್ ಪ್ರಾಂತ್ಯದ ಪುಟ್ಟ ಊರೊಂದರಲ್ಲಿ ಇಪ್ಪತ್ತೆರಡು ವರ್ಷ ರಬ್ಬಿಯಾಗಿದ್ದವರಿಗೆ ಅದೆಲ್ಲ ಸಾಕಾಗಿಹೋಗಿತ್ತು. ಬುಯೆನೊಸ್ ಐರೆಸ್‌ನ ಆ ಸಭಾಂಗಣದಲ್ಲಿ ಹದಿನಾಲ್ಕು ರಬ್ಬಿಗಳು ಸೇರುತ್ತಾರೆ, ಎರಡನೆಯ ದಿನವೇ ತಮ್ಮ ತಾಯಿಯ ಪುಣ್ಯತಿಥಿ. ಬಂದದ್ದು ಅದಕ್ಕೆ. ಸತ್ತವರ ಹೆಸರಲ್ಲಿ ಕದ್ದೀಶ್ ಪ್ರಾರ್ಥನೆ ಹೇಳಬೇಕಾದರೆ ಹತ್ತು ಜನ ಕೂಡಲೇಬೇಕು. ದುಃಖವಿದ್ದವರು ಹೇಳಬೇಕು, ಉಳಿದವರು ಆಮೆನ್ ಅನ್ನಬೇಕು.

ಊರಲ್ಲಿ ಹತ್ತು ಜನ ಇಲ್ಲವೆಂದಲ್ಲ. ಬೇರೆಯವರ ಪುಣ್ಯತಿಥಿ ಬಂದರೆ ಗುರ್ವಿಚ್ ಬೆಳಗ್ಗೆಯಿಂದ ಫೋನು ಹಿಡಿದು, ಹಲ್ಲಿನ ಡಾಕ್ಟರನ್ನೂ ನಿವೃತ್ತ ಮೇಷ್ಟರನ್ನೂ ಗೋಗರೆದು ಕೂಡಿಸುತ್ತಿದ್ದರು. ಹೇಳುವವರು ತಡವರಿಸಿದರೆ ಪಕ್ಕದಲ್ಲಿ ನಿಂತು ತಾವೇ ಗಟ್ಟಿಯಾಗಿ ಹೇಳಿಬಿಡುತ್ತಿದ್ದರು. ತಮ್ಮ ತಾಯಿಯ ವಿಷಯಕ್ಕೆ ಮಾತ್ರ ಫೋನಿನತ್ತ ಕೈ ಹೋಗುತ್ತಿರಲಿಲ್ಲ. ಏಳು ವರ್ಷದಿಂದ ಯಾರದೋ ಕದ್ದೀಶಿನೊಳಗೆ ತಾಯಿಯ ಹೆಸರನ್ನೂ ಮನಸ್ಸಿನಲ್ಲೇ ಸೇರಿಸಿ ಮುಗಿಸುತ್ತಿದ್ದರು. ಅದು ಕದ್ದು ಮಾಡುವ ಕೆಲಸದ ಹಾಗೆ ಅವರನ್ನು ಕೊರೆಯುತ್ತಿತ್ತು.

ತರಬೇತಿ ಕೊಡುತ್ತಿದ್ದ ಗ್ರಾಸಿಯೆಲಾ ದೊಡ್ಡ ಕಂಪನಿಗಳ ಮ್ಯಾನೇಜರುಗಳನ್ನು ಪಳಗಿಸಿದವಳು. ಎಲ್ಲರಿಗೂ ಒಂದೊಂದು ಚೀಟಿ ಹಂಚಿ, ಕಷ್ಟ ಬಂದಾಗ ನೀವು ಯಾರಿಗೆ ಫೋನು ಮಾಡುತ್ತೀರೋ ಅವರ ಹೆಸರು ಬರೆಯಿರಿ, ದೇವರ ಹೆಸರು ಬರೆದರೆ ಒಪ್ಪುವುದಿಲ್ಲ ಎಂದಳು. ಗುರ್ವಿಚ್ಚರ ಚೀಟಿ ಖಾಲಿ ಉಳಿಯಿತು. ಪಕ್ಕದಲ್ಲಿದ್ದ ರೊಸಾರಿಯೊದ ರಬ್ಬಿ ಮಿಂದ್ಲಿನ್ ಇಣುಕಿ ನೋಡಿದರು.

"ನನ್ನ ಹೆಸರು ಬರ್ಕೊಳಯ್ಯಾ. ಫೋನ್ ಎತ್ತಲ್ಲ, ಅಷ್ಟೇ."

ಎರಡನೆಯ ದಿನ ಮಧ್ಯಾಹ್ನದ ಪ್ರಾರ್ಥನೆ ಮುಗಿಯುತ್ತಿದ್ದಂತೆ, ಕದ್ದೀಶ್ ಹೇಳುವವರು ಇದ್ದಾರಾ ಎಂದು ಮಿಂದ್ಲಿನ್ ಕೇಳಿದರು. ಗುರ್ವಿಚ್ ಎದ್ದು ನಿಂತರು. "ನಮ್ಮಮ್ಮನಿಗೆ" ಎಂದರು.

ಅವರು ಬಾಯಿ ತೆರೆದರು. ಉಳಿದ ಹದಿಮೂರು ಜನರೂ ತೆರೆದರು. ದುಃಖದಲ್ಲಿರುವವನು ಎದ್ದು ನಿಂತರೆ ಜೊತೆಗೆ ಹೇಳಿಕೊಡುವುದು ಅವರೆಲ್ಲರಿಗೂ ರಕ್ತದಲ್ಲೇ ಬಂದುಬಿಟ್ಟಿತ್ತು. ಒಬ್ಬರ ರಾಗ, ಇನ್ನೊಬ್ಬರ ಓಟ, ಎಲ್ಲರದೂ ದೊಡ್ಡ ಗಂಟಲು. ಆ ಗದ್ದಲದಲ್ಲಿ ಗುರ್ವಿಚ್ಚರ ಸ್ವರ ಅವರ ಕಿವಿಗೇ ಕೇಳಿಸಲಿಲ್ಲ. ಆಮೆನ್ ಬರಬೇಕಾದ ಕಡೆ ಹದಿನಾಲ್ಕೂ ಜನ ನಿಂತು ಕಾದರು. ಅನ್ನಲು ಒಬ್ಬರೂ ಉಳಿದಿರಲಿಲ್ಲ. ಮತ್ತೆ ಮುಂದಕ್ಕೆ ಹೊರಟರು.

ಗುರ್ವಿಚ್ ಅರ್ಧಕ್ಕೇ ಸುಮ್ಮನಾದರು. ಅಳು ಬಂದಿರಬೇಕೆಂದು ಉಳಿದವರು ಇನ್ನಷ್ಟು ಪ್ರೀತಿಯಿಂದ ದನಿ ಏರಿಸಿ ಕೊನೆ ಮುಟ್ಟಿಸಿದರು. ಅಷ್ಟು ಜನರ ನಡುವೆ ನಿಂತು ಅಷ್ಟೊಂದು ಒಂಟಿಯಾದದ್ದು ಅವರಿಗೆ ನೆನಪಿಲ್ಲ.

ಮಿಂದ್ಲಿನ್ ಬಂದು ಹೆಗಲ ಮೇಲೆ ಕೈಯಿಟ್ಟರು. "ಗಂಟಲು ಕಟ್ಕೊಂಡ್ಬಿಡ್ತಾ? ಇರ್ಲಿ ಬಿಡು, ನಾವಿದ್ದೀವಲ್ಲ."

"ನೀವಿದ್ದದ್ದು ಒಳ್ಳೇದಾಯ್ತು" ಎಂದರು ಗುರ್ವಿಚ್. ಹೋದ ವರ್ಷ ಅವರ ಊರಿನ ರೆಬೆಕಾ ಕೂಡ ಇದೇ ಮಾತು ಹೇಳಿದ್ದಳು, ಇಷ್ಟೇ ಮೆಲ್ಲಗೆ. ತಂದೆಯ ಕದ್ದೀಶ್ ಹೇಳುತ್ತಾ, ಗುರ್ವಿಚ್ ಪಕ್ಕದಲ್ಲಿ ದನಿಗೂಡಿಸಿದಾಗ ಅರ್ಧಕ್ಕೆ ನಿಲ್ಲಿಸಿದವಳು ಅವಳು. ಆಮೇಲೆ ಪ್ರಾರ್ಥನೆಗೆಂದು ಸಿನಗಾಗಿನ ಕಡೆ ತಲೆಹಾಕಿರಲಿಲ್ಲ. ಈಗಿನ ಕಾಲದವರೇ ಹೀಗೆ ಎಂದು ಗುರ್ವಿಚ್ ತಮ್ಮಷ್ಟಕ್ಕೆ ಗೊಣಗಿಕೊಂಡಿದ್ದರು.

ಹೊರಗೆ ಬಂದು ಅವಳಿಗೆ ಫೋನು ಮಾಡಿದರು.

"ಯಾರ ಪುಣ್ಯತಿಥಿ ರಬ್ಬಿಗಳೇ? ಎಷ್ಟು ಜನ ಕಮ್ಮಿ ಇದ್ದಾರೆ?" ಎಂದಳು ರೆಬೆಕಾ. ಅವರು ಫೋನು ಮಾಡುತ್ತಿದ್ದದ್ದೇ ಅದಕ್ಕೆ.

"ಯಾರೂ ಕಮ್ಮಿ ಇಲ್ಲಮ್ಮ. ಈ ಸಲ ನಿಮ್ಮಪ್ಪನ ಕದ್ದೀಶ್ ನೀನೊಬ್ಬಳೇ ಹೇಳು. ನಾನು ಬಾಯಿ ಹಾಕಲ್ಲ."

"ನಂಗೆ ಪೂರ್ತಿ ಬರಲ್ವಲ್ಲ."

"ಬರೋವಷ್ಟು ಹೇಳು. ತಡ ಆದ್ರೆ ಆಗ್ಲಿ. ಆಮೆನ್ ಅನ್ನೋಕೆ ನಾನಿರ್ತೀನಿ."

ಬರುತ್ತೇನೆ ಎಂದಳು ರೆಬೆಕಾ. ನೀವು ಹೇಗಿದ್ದೀರಿ ಎಂದೂ ವಿಚಾರಿಸಿದಳು. ಚೆನ್ನಾಗಿದ್ದೇನೆ ಎಂದು ಗುರ್ವಿಚ್ ಫೋನಿಟ್ಟರು. ಇವತ್ತು ತಮ್ಮ ತಾಯಿಯ ದಿನ ಎಂಬುದನ್ನು ಅವಳಿಗೆ ಹೇಳಲಿಲ್ಲ.