ಗೆರೆ ಬಿಟ್ಟು ನಾಲ್ಕು ಬೆರಳು

ಕುಡಿದು ದುಡಿಯುವವನನ್ನು ಕಂಡರೆ ಜನ ಉಗಿಯುತ್ತಾರೆ. ನಿದ್ದೆಗೆಟ್ಟು ದುಡಿಯುವವನನ್ನು ಕಂಡರೆ ಕೈಮುಗಿಯುತ್ತಾರೆ. ಗರಗಸಕ್ಕೆ ಮಾತ್ರ ಇಬ್ಬರಲ್ಲಿ ಯಾವ ವ್ಯತ್ಯಾಸವೂ ತಿಳಿಯುವುದಿಲ್ಲ.

ಅಂದು ಮಧ್ಯಾಹ್ನ ಊಟವಾದ ಮೇಲೆ ಬಡಗಿ ಗರಗಸದ ಮಷೀನಿನ ಈಚೆ ನಿಂತು ಹಲಗೆ ತಳ್ಳುತ್ತಿದ್ದ. ಹೆಂಡತಿ ಆಚೆ ನಿಂತು, ಸೀಳಿ ಬಂದ ಹಲಗೆಯನ್ನು ಎಳೆದುಕೊಳ್ಳುತ್ತಿದ್ದಳು. ಶಾಲೆಯೊಂದಕ್ಕೆ ನಲವತ್ತು ಬೆಂಚು, ಸೋಮವಾರದೊಳಗೆ ಕೊಡಬೇಕು. ಆ ನೆಪದಲ್ಲಿ ಬಡಗಿ ಹತ್ತು ದಿನದಿಂದ ನಾಲ್ಕೇ ಗಂಟೆ ಮಲಗುತ್ತಿದ್ದ. ಅದನ್ನು ಬಿರುದಿನ ಹಾಗೆ ಬೀದಿಯೆಲ್ಲ ಹೇಳಿಕೊಂಡೂ ಬಂದಿದ್ದ.

ಇದ್ದಕ್ಕಿದ್ದಂತೆ ಹಲಗೆ ವಾಲಿತು. ಅವಳ ಹೆಬ್ಬೆರಳು ಬ್ಲೇಡಿನ ಹತ್ತಿರ ಹೋಗಿ ವಾಪಸು ಬಂತು. ತಲೆ ಎತ್ತಿ ನೋಡಿದರೆ ಗಂಡನ ಕಣ್ಣುಗಳು ತೆರೆದೇ ಇದ್ದವು. ಬಾಗಿಲು ತೆರೆದಿದೆ, ಒಳಗೆ ಯಾರೂ ಇಲ್ಲ, ಹಾಗೆ.

ಅವಳು ಕಿರುಚಲಿಲ್ಲ. ಸ್ವಿಚ್ ಆರಿಸಿದಳು. ಗೋಡೆಯ ಪೆಟ್ಟಿಗೆಯಿಂದ ಫ್ಯೂಸ್ ಕಿತ್ತು, ಸೀರೆಯ ಮೇಲೆ ತೊಟ್ಟಿದ್ದ ಅಂಗಿಯ ಜೇಬಿಗೆ ಹಾಕಿಕೊಂಡಳು. ಆಮೇಲೆ ಕಿರುಚಿದಳು.

"ಏನ್ರೀ ಇದು? ನಿದ್ದೆ ಮಾಡ್ತಿದ್ರಾ?"

"ಯಾರಿಗೆ ನಿದ್ದೆ? ಹಲಗೇಲಿ ಗಂಟಿತ್ತು ಕಣೇ. ಫ್ಯೂಸ್ ಕೊಡು."

"ಗಂಟು ತೋರ್ಸಿ, ಕೊಡ್ತೀನಿ."

ಬಡಗಿ ಹಲಗೆಯನ್ನು ತಿರುಗಿಸಿ ಮುರುಗಿಸಿ ನೋಡಿದ. ಅದು ಮಗುವಿನ ಕೆನ್ನೆಯಂತಿತ್ತು. "ಹಾಗಾದ್ರೆ ನೀನೇ ಜೋರಾಗಿ ಎಳೆದಿರ್ತೀಯ," ಎಂದ.

ಅವಳಿಗೆ ಸಿಟ್ಟು ನೆತ್ತಿಗೇರಿತು. "ನಾನಾ?"

"ಇಪ್ಪತ್ತೆರಡು ವರ್ಷದ ಕೈ ಇದು. ನೋಡು, ಹತ್ತಕ್ಕೆ ಹತ್ತು ಬೆರಳೂ ಇವೆ!"

"ನಿಮ್ಮ ಹತ್ತು ಇವೆ ಮಹಾರಾಯರೇ. ಬ್ಲೇಡಿನ ಆ ಕಡೆ ಇರೋದು ನನ್ನ ಹತ್ತು!"

ಈ ಗಲಾಟೆ ಎದುರು ಮನೆಗೆ ಕೇಳಿಸಿತು. ಅಲ್ಲಿ ಬಡಗಿಯ ಅಕ್ಕ ಇದ್ದಳು, ಆಸ್ಪತ್ರೆಯಲ್ಲಿ ನರ್ಸು. ಚಪ್ಪಲಿ ಬಡಿಯುತ್ತಾ ಬಂದವಳು ಇಬ್ಬರ ದೂರನ್ನೂ ಕೇಳಿ, ಮೊದಲು ಹಲಗೆ ತರಿಸಿದಳು. ಪೆನ್ಸಿಲ್ ಗೆರೆ ನೆಟ್ಟಗಿತ್ತು. ಗರಗಸ ಗೆರೆಯ ಮೇಲೇ ಬಂದು, ನಡುವೆ ಪಕ್ಕಕ್ಕೆ ಸರಿದು, ಮತ್ತೆ ಹಿಂತಿರುಗಿತ್ತು.

"ಗೆರೆ ಬಿಟ್ಟು ಎಷ್ಟು ಉದ್ದ ಹೋಗಿದೆ? ಅಳತೆ ಮಾಡೋ."

"ನಾಲ್ಕು ಬೆರಳು," ಎಂದ ಬಡಗಿ, ಒಲ್ಲದ ಮನಸ್ಸಿನಿಂದ.

"ಅಷ್ಟು ಉದ್ದ ನಿದ್ದೆ ಮಾಡಿದ್ದೀಯ. ಕಣ್ಣು ಬಿಟ್ಕೊಂಡು."

"ಕಣ್ಣು ಬಿಟ್ಕೊಂಡು ಮಲಗೋಕೆ ನಾನೇನು ಮೀನಾ ಅಕ್ಕ?"

"ಮೀನು ಗರಗಸ ಹಿಡಿಯಲ್ಲ ಕಣೋ! ನಿದ್ದೆ ಸಾಲದೆ ಹೋದ್ರೆ ಮೆದುಳು ನಿನ್ನ ಅಪ್ಪಣೆಗೆ ಕಾಯಲ್ಲ. ಕೆಲಸದ ಮಧ್ಯಾನೇ ಕಂತುಕಂತಾಗಿ ಮಲಗುತ್ತೆ, ಎರಡು ಸೆಕೆಂಡು, ಮೂರು ಸೆಕೆಂಡು. ಕಣ್ಣು ನೋಡ್ತಿರುತ್ತೆ, ನೋಡಿದ್ದನ್ನ ಒಳಗೆ ಯಾರೂ ತಗೊಳ್ಳಲ್ಲ. ಕೈಗೆ ಸುದ್ದಿ ಮುಟ್ಟೋದು ತಡ. ಇದರಲ್ಲಿ ಕೆಟ್ಟದ್ದು ಏನು ಗೊತ್ತಾ? ತೂಕಡಿಸಿದವನಿಗೇ ತೂಕಡಿಸಿದ್ದು ಗೊತ್ತಾಗಲ್ಲ. ಹಲಗೆಗೆ ಬೈತಾನೆ, ಹೆಂಡತಿಗೆ ಬೈತಾನೆ."

"ಮೂರು ಲೋಟ ಟೀ ಕುಡಿದಿದೀನಿ. ಮುಖಾನೂ ತೊಳೆದಿದೀನಿ."

"ಟೀ ನಿದ್ದೆಗೆ ಸ್ವಲ್ಪ ಹೊತ್ತು ಮುಸುಕು ಹಾಕುತ್ತೆ, ನಿದ್ದೆ ತಂದುಕೊಡಲ್ಲ. ಹದಿನೇಳು ಹದಿನೆಂಟು ಗಂಟೆ ಎಚ್ಚರ ಇದ್ದವನ ಕೈ, ಕುಡಿದವನ ಕೈ ಹಾಗೇ ಮಂದ ಆಗುತ್ತೆ ಅಂತ ಪರೀಕ್ಷೆ ಮಾಡಿ ನೋಡಿದಾರೆ."

"ನಾನು ನಂಬಲ್ಲ."

ಬಡಗಿ ಜಗತ್ತಿನಲ್ಲಿ ನಂಬುತ್ತಿದ್ದುದು ಒಂದನ್ನೇ: ತನ್ನ ಉಕ್ಕಿನ ಸ್ಕೇಲನ್ನು. ಒಡಹುಟ್ಟಿದವಳಿಗೆ ಅದು ಗೊತ್ತಿತ್ತು. ಒಂದಡಿಯ ಆ ಸ್ಕೇಲನ್ನು ತೆಗೆದುಕೊಂಡು, ತಮ್ಮನ ಹೆಬ್ಬೆರಳು ತೋರುಬೆರಳುಗಳ ನಡುವೆ, ತಾಗದ ಹಾಗೆ, ಸೊನ್ನೆ ಕೆಳಗೆ ಬರುವಂತೆ ಇಳಿಬಿಟ್ಟು ಹಿಡಿದಳು. "ನಾನು ಬಿಟ್ಟ ತಕ್ಷಣ ಹಿಡಿ."

ಬಿಟ್ಟಳು. ಸ್ಕೇಲು ಠಣ್ಣನೆ ನೆಲಕ್ಕೆ ಬಿತ್ತು.

"ಜಾರ್ತು," ಎಂದ.

ಎರಡನೇ ಸಲ ಮೇಲಿನ ತುದಿಯಲ್ಲಿ, ಇಪ್ಪತ್ತೊಂಬತ್ತು ಸೆಂಟಿಮೀಟರಿನ ಗುರುತಿನಲ್ಲಿ ಸಿಕ್ಕಿತು. ಮೂರನೇ ಸಲ ಮತ್ತೆ ಠಣ್. ಹೆಂಡತಿ ಹಿಡಿದಾಗ ಹದಿನೇಳು, ಹತ್ತೊಂಬತ್ತು, ಹದಿನಾರು. ಬಡಗಿ ಸ್ಕೇಲನ್ನು ಎತ್ತಿ, ಅಂಕಿಗಳು ತಪ್ಪಾಗಿ ಅಚ್ಚಾಗಿವೆಯೇನೋ ಎಂಬಂತೆ ದಿಟ್ಟಿಸಿದ.

"ಏನು ನೋಡ್ತೀಯ? ನಿಂದೇ ಸ್ಕೇಲು," ಎಂದಳು ಅಕ್ಕ. "ಇದು ಡಾಕ್ಟರ ಸರ್ಟಿಫಿಕೇಟ್ ಅಲ್ಲ, ಬರೀ ಆಟ. ಆದ್ರೆ ಬೆರಳು ಕಳ್ಕೊಂಡು ನಮ್ಮ ವಾರ್ಡಿಗೆ ಬರೋರೆಲ್ಲ ಒಂದೇ ಮಾತು ಹೇಳೋದು: 'ಹೇಗಾಯ್ತೋ ಗೊತ್ತಾಗ್ಲಿಲ್ಲ ಸಿಸ್ಟರ್.'"

ಬಡಗಿ ಹೆಂಡತಿಯ ಮುಂದೆ ಕೈ ಚಾಚಿದ. ಫ್ಯೂಸ್ ಕೇಳುತ್ತಾನೆಂದು ಅವಳು ಜೇಬನ್ನು ಒತ್ತಿ ಹಿಡಿದಳು. ಅವನು ಹಿಡಿದದ್ದು ಅವಳ ಹೆಬ್ಬೆರಳನ್ನು. ಉಗುರಿನ ತುದಿ ಓರೆಯಾಗಿ ಹಾರಿಹೋಗಿತ್ತು, ಉಳಿಯಿಂದ ಕೆತ್ತಿದಷ್ಟು ನುಣುಪಾಗಿ. ಅವಳೂ ಅದನ್ನು ಮೊದಲ ಸಲ ನೋಡಿದ್ದು ಆಗಲೇ.

ಬಡಗಿ ಅವಳ ಬೆರಳು ಬಿಟ್ಟು ಅಕ್ಕನ ಕಡೆ ತಿರುಗಿದ.

"ಎಷ್ಟು ಹೊತ್ತು ಮಲಗ್ಲಿ ಅಕ್ಕ?"

"ಇವತ್ತು ತಾನಾಗೇ ಎಚ್ಚರ ಆಗೋವರೆಗೂ. ನಾಳೆಯಿಂದ ದಿನಾ ಏಳೆಂಟು ಗಂಟೆ. ಹತ್ತು ದಿನ ಕೆಡಿಸಿದ್ದು ಒಂದೇ ದಿನಕ್ಕೆ ಸರಿಹೋಗಲ್ಲ."

ಬೆಂಚುಗಳು ಮೂರು ದಿನ ತಡವಾದವು. ಹೆಡ್‌ಮಾಸ್ಟರು ಫೋನಿನಲ್ಲಿ ಕೂಗಾಡಿದರು. ಬಡಗಿಯ ಹೆಂಡತಿಯ ಸಿಟ್ಟು ಇನ್ನೂ ಇಳಿದಿರಲಿಲ್ಲ. "ಸಾರ್, ಮಕ್ಕಳು ಮೂರು ದಿನ ನೆಲದ ಮೇಲೆ ಕೂತು ಓದ್ತಾರೆ. ಬೆಂಚು ತಡವಾಗಿಯಾದ್ರೂ ಬರುತ್ತೆ. ಬೆರಳು ಹೋದ್ರೆ ತಡವಾಗಿಯೂ ಬರಲ್ಲ," ಎಂದು ಫೋನಿಟ್ಟಳು.

ಗೆರೆ ತಪ್ಪಿದ ಆ ಹಲಗೆ ಈಗ ಫ್ಯೂಸ್ ಪೆಟ್ಟಿಗೆಯ ಪಕ್ಕ ಮೊಳೆಗೆ ತೂಗುತ್ತಿದೆ. ಬೆಳಗ್ಗೆ ಮಷೀನು ಶುರುಮಾಡುವ ಮುಂಚೆ ಅವಳು ಕೇಳುವುದು ಒಂದೇ ಪ್ರಶ್ನೆ: "ಎಷ್ಟು ಗಂಟೆ ಮಲಗಿದ್ರಿ?" ಉತ್ತರ ಅನುಮಾನ ಬರಿಸಿದರೆ ಸ್ಕೇಲು ಹೊರಗೆ ಬರುತ್ತದೆ.

ನಿಮ್ಮ ಮನೆಯಲ್ಲಿ ಗರಗಸ ಇರಲಿಕ್ಕಿಲ್ಲ. ಸ್ಟಿಯರಿಂಗ್ ಇದ್ದೀತು, ಕಾದ ಎಣ್ಣೆ ಇದ್ದೀತು, ಇಂಜೆಕ್ಷನ್ ಸೂಜಿ ಇದ್ದೀತು. ಅದರ ಆಚೆ ಇನ್ಯಾರದೋ ಬೆರಳು ಇದ್ದೇ ಇರುತ್ತದೆ. ದಿನಕ್ಕೆ ಏಳೆಂಟು ಗಂಟೆ ಮಲಗಿ. ಕೆಲಸದ ನಡುವೆ ರೆಪ್ಪೆ ಭಾರವಾದರೆ ಕೆಲಸ ನಿಲ್ಲಿಸಿ, ಇಪ್ಪತ್ತು ನಿಮಿಷ ಒರಗಿ. ತೂಕಡಿಸುವವರು "ನನಗೇನೂ ಆಗಿಲ್ಲ" ಎಂದರೆ ದಯವಿಟ್ಟು ನಂಬಬೇಡಿ. ಗಂಡನಾಗಲಿ, ಮಗಳಾಗಲಿ, ಮೇಲಧಿಕಾರಿಯೇ ಆಗಲಿ, ಜಗಳ ಆಡಿ.

ಆದರೆ ಮೊದಲು ಫ್ಯೂಸ್ ಕೀಳಿ. ಜಗಳ ಆಮೇಲೆ.